ವಿಯೆನ್ನಾದಲ್ಲಿ ಅತ್ತೆಯ ವೀಣೆ

ಯುರೋಪಿನಲ್ಲಿ ಎರಡು ವರ್ಷ ಇದ್ದು ಬಂದವಳೆಂದು ಗೊತ್ತಾದ ಕೂಡಲೇ ನಮ್ಮ ಮೈಸೂರಿನವರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠವಾಗಿವೆ. ಊಟಕ್ಕೇನು ಮಾಡುತ್ತಿದ್ದಿರಿ? ಚಳಿ ಹೇಗೆ ತಡೆದಿರಿ? ಅರಮನೆ ನಮ್ಮದು ಚೆನ್ನಾಗಿದೆಯೋ ಅವರದೋ? ಮೂರಕ್ಕೂ ಈ ಬರಹದಲ್ಲಿ ಉತ್ತರವಿದೆ, ಆತುರ ಬೇಡ. ಆದರೆ ಯಾರೂ ಕೇಳದಿದ್ದರೂ ನಾನೇ ಮೇಲೆ ಬಿದ್ದು ಹೇಳಿಕೊಳ್ಳುವ ಸಂಗತಿ ಒಂದಿದೆ. ಅದು ನಮ್ಮತ್ತೆ ವಿಯೆನ್ನಾದಲ್ಲಿ ವೀಣೆ ನುಡಿಸಿದ್ದು. ಅದನ್ನು ಹೇಳುವಾಗ ನನ್ನ ದನಿ ಒಂದು ಮೆಟ್ಟಿಲು ಮೇಲೇರುತ್ತದೆ ಎಂದು ಮನೆಯಲ್ಲಿ ರೇಗಿಸುತ್ತಾರೆ. ರೇಗಿಸಲಿ. ಹೆಮ್ಮೆಯನ್ನು ಪಿಸುಗುಟ್ಟಿ ಹೇಳುವ ವಿದ್ಯೆ ನಾನು ಕಲಿತಿಲ್ಲ.

ನನ್ನ ಯಜಮಾನರು ನಂಜುಂಡೇಗೌಡರು ವಿದ್ಯುತ್ ಯಂತ್ರಗಳ ತರಬೇತಿಗೆಂದು ಸ್ವಿಟ್ಜರ್ಲೆಂಡಿನ ಒಂದು ಚಿಕ್ಕ ಊರಿನ ಕಾರ್ಖಾನೆ ಸೇರಿದ್ದರು. ನಾನೂ ಜೊತೆಗೆ ಹೋಗಿದ್ದೆ. ಎರಡನೆಯ ವರ್ಷ ಅವರಿಗೆ ತಾಯಿ ತಂದೆಯನ್ನು ಕರೆಸಿಕೊಳ್ಳಬೇಕೆಂಬ ಹಂಬಲ ಹತ್ತಿತು. ಮಾವನವರು ಒಪ್ಪಲಿಲ್ಲ. ಶಿರಸ್ತೇದಾರರಾಗಿ ನಿವೃತ್ತರಾದವರು, ಕೃಷ್ಣಮೂರ್ತಿಪುರದ ಮನೆಯ ಜಗಲಿಯನ್ನೂ ಸಂಜೆ ಓದುವ ಪೇಪರನ್ನೂ ಬಿಟ್ಟು ಕದಲುವವರಲ್ಲ. ಅತ್ತೆ ಮಾತ್ರ, ಆ ಕಡೆಗೇ ಹೊರಟಿದ್ದ ನೆಂಟರ ಸಂಸಾರದ ಜೊತೆ ಮುಂಬಯಿಯಲ್ಲಿ ಹಡಗು ಹತ್ತಿ ಜಿನೋವಾದಲ್ಲಿ ಇಳಿದರು. ಟ್ರಂಕಿನ ತುಂಬ ರಾಗಿಹಿಟ್ಟು, ಹುರುಳಿಕಾಳು, ಸಾರಿನ ಪುಡಿ. ಊಟದ ಪ್ರಶ್ನೆಗೆ ಉತ್ತರ ಇದೇ: ಆಲ್ಪ್ಸ್ ಪರ್ವತದ ಬುಡದಲ್ಲಿ ಕೂತು ಮುದ್ದೆ ನುಂಗಿದೆವು. ಟ್ರಂಕಿನ ಜೊತೆಗೆ ಕಂಬಳಿ ಸುತ್ತಿ ಹಗ್ಗ ಬಿಗಿದ ವೀಣೆಯೂ ಬಂದಿತ್ತು. ಅದನ್ನು ಅತ್ತೆ ಕೂಲಿಯವನ ಕೈಗೆ ಕೊಡದೆ ಕೂಸಿನ ಹಾಗೆ ತಾವೇ ಎತ್ತಿಕೊಂಡು ಬಂದರು.

ಆ ವೀಣೆಯ ಸಂಗತಿ ಮೊದಲೇ ಹೇಳಿಬಿಡುತ್ತೇನೆ. ಅತ್ತೆಯ ತಂದೆ ಹಳ್ಳಿಯಿಂದ ಬಂದು ನಜರ್‌ಬಾದಿನಲ್ಲಿ ಸೌದೆ ಡಿಪೋ ಇಟ್ಟಿದ್ದವರು. ಪಕ್ಕದ ಮನೆಯಲ್ಲಿ ವೀಣೆ ಹೇಳಿಕೊಡುವ ಒಬ್ಬ ಅಜ್ಜಿ ಇದ್ದರು. ಅವರ ಹೊಸಿಲ ಹೊರಗೆ ದಿನಾ ಬಂದು ಕೂರುತ್ತಿದ್ದ ಈ ಹುಡುಗಿಯನ್ನು ಅಜ್ಜಿ ಒಂದು ದಿನ ಒಳಕ್ಕೆ ಕರೆದು ಕೂರಿಸಿಕೊಂಡರು. ಮದುವೆಯ ಹೊತ್ತಿಗೆ ಅತ್ತೆಯ ಕೈ ಪಳಗಿತ್ತು. ತಂದೆ ವೀಣೆಯೊಂದನ್ನು ಮಾಡಿಸಿಕೊಟ್ಟು ಕಳಿಸಿದರು. ಗಂಡನ ಮನೆಯಲ್ಲಿ ಗಾಡಿ ಇಳಿಯುವಾಗಲೇ ಅವರ ಅತ್ತೆ, ಅಂದರೆ ಮಾವನವರ ತಾಯಿ, ಆಡಿದ ಮಾತು ಇದು: "ರಾಗಿ ಬೀಸೋ ಕೈಗೆ ವೀಣೆ ಯಾಕವ್ವ? ಬೀದೀಲಿ ಓಗೋರು ಕೇಳಿದ್ರೆ ನಗ್ತಾರೆ."

ಮಾವನವರು ನುಡಿಸಬೇಡ ಎನ್ನಲಿಲ್ಲ. ಆದರೆ ಅಂದಿನಿಂದ, ಸಂಜೆ ದೀಪ ಹಚ್ಚಿ ಅತ್ತೆ ವೀಣೆ ತೆಗೆದರೆಂದರೆ, ಅವರು ಜಗಲಿಯಿಂದ ಎದ್ದು ಬಂದು ಬೀದಿಬಾಗಿಲು ಮುಚ್ಚಿ ಅಗಳಿ ಹಾಕುವರು. ವೀಣೆ ಮೂಲೆ ಸೇರಿದ ಮೇಲೆ ಬಾಗಿಲು ತೆಗೆಯುವರು. ಬೈಗುಳವಿಲ್ಲ, ಮಾತಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಸೊಳ್ಳೆ ಬರುತ್ತವೆಂದು ಮುಚ್ಚುತ್ತಾರೆ ಎಂದೇ ತಿಳಿದಿದ್ದೆ. ಅಷ್ಟು ವರ್ಷ ಅತ್ತೆಯ ವೀಣೆ ಕೇಳಿದ್ದು ದೇವರು, ಮನೆಮಂದಿ ಮತ್ತು ಅಡಿಗೆಮನೆಯ ಬೆಕ್ಕು.

ಸ್ವಿಟ್ಜರ್ಲೆಂಡಿನಲ್ಲಿ ನಮ್ಮ ಮನೆಯ ಒಡತಿ ಕೆಳಗಿನ ಅಂತಸ್ತಿನಲ್ಲಿದ್ದಳು. ಮೇಲಿನಿಂದ ಬಂದ ನಾದ ಕೇಳಿ ಒಂದು ಸಂಜೆ ಕಸೂತಿ ಕೈಯಲ್ಲೇ ಹಿಡಿದು ಹತ್ತಿ ಬಂದಳು. ಮರುವಾರ ಅವಳ ಅಕ್ಕನಿಂದ ಆಹ್ವಾನ ಬಂತು. ಅಕ್ಕ ವಿಯೆನ್ನಾದಲ್ಲಿ ಪಿಯಾನೋ ಕಲಿಸುವವಳು. ಭಾನುವಾರ ಸಂಜೆ ಅವಳ ಮನೆಯಲ್ಲಿ ಸಂಗೀತಪ್ರಿಯರು ಸೇರುತ್ತಾರೆ. ಭಾರತದ ಈ ತಾಯಿ ಬಂದು ನುಡಿಸಬೇಕು.

"ಜನದ ಮುಂದೆ ನುಡಿಸೋಳಲ್ಲ ಕಣಪ್ಪ ನಾನು," ಎಂದರು ಅತ್ತೆ. ಆಮೇಲೆ ಆ ಮಾತೇ ಎತ್ತಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ. ಒಂದು ದಿನ ಮುದ್ದೆ ಕಟ್ಟುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು: "ನಂಜುಂಡ, ಆ ಊರಲ್ಲಿ ನಮ್ಮ ಕಡೆಯೋರು ಯಾರಾದ್ರೂ ಅವ್ರಾ?"

"ಯಾರೂ ಇಲ್ಲ ಕಣವ್ವ."

"ಅಂಗಾದ್ರೆ ನಗೋರೂ ಇಲ್ಲ. ನಡೀರಿ ಓಗನ."

ಹೇಗೂ ಹೊರಟಿದ್ದೇವೆ, ಸುತ್ತು ಹಾಕಿಕೊಂಡು ನಾಲ್ಕು ಊರು ನೋಡಿಕೊಂಡೇ ಹೋಗೋಣ ಎಂದು ಯಜಮಾನರು ಮಿಲಾನ್, ವೆನಿಸ್ ಎರಡನ್ನೂ ದಾರಿಗೆ ಸೇರಿಸಿದರು.

ಮಿಲಾನ್

ಮಿಲಾನಿನ ದೊಡ್ಡ ಚರ್ಚು ಬಿಳಿ ಕಲ್ಲಿನದು. ತಲೆ ಎತ್ತಿದರೆ ಮುಗಿಯದಷ್ಟು ಶಿಖರ, ಶಿಖರಕ್ಕೊಂದು ಮೂರ್ತಿ. ನಮ್ಮೂರಿನ ದೊಡ್ಡ ಚರ್ಚನ್ನು ನೋಡಿ ಬೆಳೆದವಳಿಗೂ ಎದೆ ಝಲ್ಲೆನಿಸಿತು. ನಾನು ಬಾಯಿ ಬಿಟ್ಟು ನೋಡುತ್ತ ನಿಂತಿರುವಾಗ ಅತ್ತೆ ಮೆಟ್ಟಿಲ ಬದಿಯಲ್ಲಿ ಕೂತು ಬೂಟು ಬಿಚ್ಚುತ್ತಿದ್ದರು. ಚಳಿಗೆಂದು ಮಗ ಕೊಡಿಸಿದ್ದ ಉಣ್ಣೆಯ ಕಾಲುಚೀಲವನ್ನೂ ಸುತ್ತಿ ಬೂಟಿನೊಳಕ್ಕೆ ತುರುಕಿದರು.

"ಅವ್ವ, ಇಲ್ಲಿ ಎಲ್ಲಾರೂ ಹಾಕ್ಕೊಂಡೇ ಒಳಕ್ಕೆ ಹೋಗ್ತಾರೆ," ಎಂದರು ಯಜಮಾನರು.

"ಅವರ ದೇವರು, ಅವರಿಗೆ ಸಲಿಗೆ. ನಾನು ಹೊಸಬಳು."

ನವೆಂಬರಿನ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದೇ ನಡೆದರು. ಬಾಗಿಲ ಹತ್ತಿರ ಅಮೃತಶಿಲೆಯ ಬಟ್ಟಲಲ್ಲಿ ನೀರು ಇಟ್ಟಿತ್ತು. ಬಂದವರು ಬೆರಳು ಅದ್ದಿ ಹಣೆ ಮುಟ್ಟಿಕೊಳ್ಳುತ್ತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು, ಬಲಗೈಯನ್ನು ಗುಳಿ ಮಾಡಿ, ನೀರು ತುಂಬಿಕೊಂಡು ಕುಡಿದೇಬಿಟ್ಟರು. ಉಳಿದ ತೇವವನ್ನು ತಲೆಗೆ ಸವರಿಕೊಂಡರು. ಯಜಮಾನರಿಗೆ ಕಾರ್ಖಾನೆಯಲ್ಲಿ ಯಾವುದೋ ತಂತಿ ಮುಟ್ಟಿದ ಹಾಗಾಯಿತು.

"ಅಯ್ಯೋ ಅವ್ವ, ಅದು ಕುಡಿಯೋದಲ್ಲ!"

"ದೇವರ ಬಾಗ್ಲಲ್ಲಿ ಇಟ್ಟವ್ರೆ ಅಂದ್ಮೇಲೆ ತೀರ್ಥ ಕಣೋ. ತುಳಸಿ ಹಾಕೋದು ಮರ್ತವ್ರೆ, ಅಷ್ಟೆ."

ಒಳಗೆಲ್ಲ ಒಂದು ಪ್ರದಕ್ಷಿಣೆ ಬಂದು ಹೊರಗೆ ಬಂದರೆ, ಬೂಟಿನ ಹತ್ತಿರ ಕರಿಯ ಬಟ್ಟೆ ಉಟ್ಟ ಒಬ್ಬ ಇಟಲಿಯ ಮುದುಕಿ ಕಾವಲು ನಿಂತಿದ್ದಾಳೆ. ಹೋಗಿ ಬರುವವರನ್ನೆಲ್ಲ ತಡೆದು ಬೂಟು ತೋರಿಸಿ ಏನೋ ವಿಚಾರಿಸುತ್ತಿದ್ದಾಳೆ. ಅತ್ತೆಯ ಬರಿಗಾಲು ಕಂಡದ್ದೇ ತಡ, ಗಟ್ಟಿಯಾಗಿ ಬೈಯತೊಡಗಿದಳು. ಭಾಷೆ ನಮಗೆ ಬಾರದು, ಆದರೆ ಬೈಗುಳ ತಾಯಿ ಬೈಯುವ ಬೈಗುಳವೇ. ತೋಳು ಹಿಡಿದು ಅತ್ತೆಯನ್ನು ಮೆಟ್ಟಿಲ ಮೇಲೆ ಕೂರಿಸಿದಳು. ಮಂಡಿಯೂರಿ, ಅತ್ತೆಯ ಪಾದಗಳನ್ನು ಅಂಗೈಯಲ್ಲಿ ಉಜ್ಜಿ, ಕಾಲುಚೀಲ ತೊಡಿಸಲು ಹೊರಟಳು. ತಮಗಿಂತ ಹಿರಿಯಳು ಕಾಲು ಮುಟ್ಟಿದಳಲ್ಲಾ ಎಂದು ಅತ್ತೆ ಹೌಹಾರಿ, "ಪಾಪ ಬತ್ತದೆ ಬುಡವ್ವ, ಬುಡು" ಎನ್ನುತ್ತ ಬಗ್ಗಿ ಅವಳ ಕಾಲು ಹಿಡಿದುಕೊಂಡರು. ಅವಳು ಬಿಡಳು, ಇವರು ಬಿಡರು. ಚರ್ಚಿನ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಒಬ್ಬರ ಕಾಲು ಒಬ್ಬರು ಹಿಡಿದುಕೊಂಡು ಕೂತದ್ದನ್ನು ನೋಡಲು ಸಣ್ಣ ಗುಂಪೇ ಸೇರಿತು. ಕೊನೆಗೆ ಗೆದ್ದವಳು ಇಟಲಿಯವಳು. ಎರಡೂ ಬೂಟಿನ ದಾರ ಬಿಗಿದು ಕಟ್ಟಿ, ಅತ್ತೆಯ ಕೆನ್ನೆ ತಟ್ಟಿ ಹೊರಟುಹೋದಳು.

ಚಳಿಗೆ ಏನು ಮಾಡಿದಿರಿ ಎಂದು ಕೇಳುವವರಿಗೆ ನಾನು ಈ ಮುದುಕಿಯ ಸುದ್ದಿ ಹೇಳುತ್ತೇನೆ.

ವೆನಿಸ್

ವೆನಿಸ್ಸಿನಲ್ಲಿ ರೈಲು ಇಳಿದರೆ ಎದುರಿಗೇ ನೀರು. ಟಾಂಗಾ ನಿಲ್ಲುವ ಜಾಗದಲ್ಲಿ ದೋಣಿಗಳು ನಿಂತಿದ್ದವು. ಬೀದಿಯೆಲ್ಲ ಕಾಲುವೆ, ಮನೆಯ ಹೊಸಿಲಿಗೇ ಪಾಚಿ. ಚಿತ್ರದಲ್ಲಿ ನೋಡಿದ ಊರಿಗಿಂತ ನಿಜವಾದ ಊರು ಇನ್ನೂ ಚೆಂದ. ಆದರೆ ಚಿತ್ರದಲ್ಲಿ ವಾಸನೆ ಬರುವುದಿಲ್ಲ.

ದೋಣಿ ಓಲಾಡಿದಾಗ ನಾನು ಯಜಮಾನರ ಕೋಟು ಹಿಡಿದುಕೊಂಡೆ. ಅತ್ತೆ ವೀಣೆಯನ್ನು ತಬ್ಬಿಕೊಂಡು ನಿಶ್ಚಿಂತೆಯಾಗಿದ್ದರು.

"ನಿಮಗೆ ಭಯ ಆಗಲ್ವಾ ಅತ್ತೆ?"

"ಯಾಕ್ ಭಯ? ನಾವು ಸೋರೆಬುರುಡೆ ಸೊಂಟಕ್ಕೆ ಕಟ್ಕೊಂಡೇ ಕೆರೇಲಿ ಈಜು ಕಲ್ತೋರು. ಈಗ್ಲೂ ಬುರುಡೆ ಕೈಯಲ್ಲೇ ಐತಲ್ಲ," ಎಂದು ವೀಣೆಯ ಬುರುಡೆ ತಟ್ಟಿದರು. "ನಿಮ್ಮಿಬ್ಬರದೇ ನನ್ಗೆ ಯೋಚನೆ."

ಮರುದಿನ ಬೆಳಗ್ಗೆ ಕಾಲುವೆಯ ಕಡೆಗೆ ಕಿಟಕಿಯಿದ್ದ ನಮ್ಮ ಕೋಣೆಯಲ್ಲಿ ಅತ್ತೆ ಅಭ್ಯಾಸಕ್ಕೆ ಕೂತರು. ಎದುರು ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಒದ್ದೆ ಅಂಗಿ ಕೈಯಲ್ಲೇ ಹಿಡಿದು ಕೇಳುತ್ತ ನಿಂತಳು. ಅವಳನ್ನು ಕಂಡೊಡನೆ ಅತ್ತೆಯ ಕೈ ನಿಂತಿತು. ಎದ್ದು ಹೋಗಿ ಕಿಟಕಿ ಮುಚ್ಚಿ, ಕೊಕ್ಕೆ ಹಾಕಿ ಬಂದು ಮತ್ತೆ ಕೂತರು. ನಾನು ಮುಖ ತಿರುಗಿಸಿಕೊಂಡೆ. ಅಗಳಿ ಹಾಕಲು ಮಾವನವರು ಇಲ್ಲಿರಬೇಕಾಗಿರಲಿಲ್ಲ. ಒಬ್ಬ ಹೆಂಗಸು ಕೇಳಿದ್ದಕ್ಕೇ ಹೀಗಾದರೆ ವಿಯೆನ್ನಾದ ಆ ಮನೆಯಲ್ಲಿ ಇವರ ಗತಿಯೇನು ಎಂಬ ಯೋಚನೆ ನನಗೆ ಹತ್ತಿತು.

ವಿಯೆನ್ನಾ

ಆ ಪಿಯಾನೋ ಗುರುವಿನ ಹೆಸರು ಮಾರ್ಥಾ. ಅತ್ತೆಯ ಬಾಯಲ್ಲಿ ಮೊದಲ ದಿನವೇ ಮಾರ್ಥಮ್ಮ ಆದಳು. ಎತ್ತರದ ಆಳು, ಬೆಳ್ಳಿಕೂದಲು, ಮೊಣಕೈವರೆಗೆ ಮಡಿಸಿದ ತೋಳು. ಮೂರನೆಯ ಅಂತಸ್ತಿನಲ್ಲಿ ಅವಳ ಮನೆ. ಪಡಸಾಲೆಯಲ್ಲಿ ಪಿಯಾನೋ, ಮೂಲೆಯಲ್ಲಿ ನುಣುಪು ಹಂಚು ಹೊದಿಸಿದ ಆಳೆತ್ತರದ ಒಲೆ. ಚಳಿಗಾಲವೆಲ್ಲ ಆ ಒಲೆಯೇ ಮನೆಯನ್ನು ಬೆಚ್ಚಗಿಡುತ್ತದೆ.

ವಿಯೆನ್ನಾ ಅತ್ತೆಗೆ ಒಗ್ಗಿದ್ದು ಕಾಫಿಯಿಂದ. ಅಲ್ಲಿ ಕಾಫಿಯ ಬಟ್ಟಲ ಜೊತೆ ಒಂದು ಲೋಟ ತಣ್ಣೀರು ತಂದಿಡುವುದು ಪದ್ಧತಿ. ಇಡೀ ಯುರೋಪಿನಲ್ಲಿ ಕೇಳದೆ ನೀರು ಕೊಟ್ಟ ಊರು ಅದೊಂದೇ. "ಇವರು ಮನುಸ್ರು ಕಣವ್ವ," ಎಂದರು ಅತ್ತೆ. "ನಮ್ಮ ಮೈಸೂರಿನ ಓಟ್ಲಲ್ಲೂ ನೀರಿಟ್ಟೇ ಅಲ್ವಾ ಏನ್ ಬೇಕು ಅಂತ ಕೇಳೋದು."

ಅಲ್ಲಿನ ಚಕ್ರವರ್ತಿಗಳ ಅರಮನೆ ನೋಡಿದೆವು. ಕೋಣೆಯ ಮೇಲೆ ಕೋಣೆ, ಗೋಡೆಯ ತುಂಬ ಚಿನ್ನದ ಬಳ್ಳಿ, ತೋಟವೋ ಕಣ್ಣಿಗೆ ಮುಗಿಯದು. ಕತ್ತಲಾಗುತ್ತ ಬಂತು, ಕಾವಲಿನವರು ಬಾಗಿಲು ಹಾಕತೊಡಗಿದರು. ಅತ್ತೆ ಮಾತ್ರ ಅಂಗಳದಲ್ಲಿ ನಿಂತೇ ಇದ್ದಾರೆ.

"ಯಾಕತ್ತೆ, ಹೊರಡೋಣವಾ?"

"ಇರು, ದೀಪ ಹಾಕ್ಲಿ."

ದೀಪ ಹಾಕುವುದಿಲ್ಲ ಎಂದು ತಿಳಿದಾಗ ಅವರಿಗೆ ಆ ಅರಮನೆಯ ಮೇಲೆ ನಿಜವಾಗಿ ಮರುಕ ಬಂತು. ಮೂರನೆಯ ಪ್ರಶ್ನೆಗೆ ಉತ್ತರ ಇಷ್ಟೇ: ಅವರದು ದೊಡ್ಡದು, ಸುಳ್ಳು ಹೇಳಬಾರದು. ಆದರೆ ದಸರೆಯ ಸಂಜೆ ಒಂದೇ ಗಳಿಗೆಯಲ್ಲಿ ಇಡೀ ಅರಮನೆ ಹೊತ್ತಿಕೊಳ್ಳುವುದನ್ನು ನೋಡಿ ಬೆಳೆದವರು ಬೇರೆ ಅರಮನೆಯ ಮುಂದೆ ಬಾಯಿ ಬಿಡುವುದು ಕಷ್ಟ.

ಮರುದಿನ ಭಾನುವಾರ. ಸಂಜೆಗೆ ಕಛೇರಿ. ಬೆಳಗ್ಗೆ ನಮ್ಮನ್ನು ಊರು ಸುತ್ತಲು ಕಳಿಸಿ ಮಾರ್ಥಮ್ಮ ಮನೆ ಅಣಿ ಮಾಡುತ್ತಿದ್ದಳು. ವೀಣೆಯನ್ನು ನಾವು ಬಾಗಿಲ ಬಳಿಯ ತಣ್ಣನೆಯ ಮೊಗಸಾಲೆಯಲ್ಲಿ ಮಲಗಿಸಿ ಹೋಗಿದ್ದೆವು. ಮಧ್ಯಾಹ್ನ ಬಂದರೆ ಅಲ್ಲಿ ಇಲ್ಲ.

ಮಾರ್ಥಮ್ಮ ಸಂಭ್ರಮದಿಂದ ನಮ್ಮನ್ನು ಪಡಸಾಲೆಗೆ ಕರೆದೊಯ್ದಳು. ಬಿಸಿನಾಡಿನಿಂದ ಬಂದ ವಾದ್ಯ, ಪಾಪ, ಚಳಿಯಲ್ಲಿ ನಡುಗುತ್ತಿತ್ತಂತೆ. ಆದ್ದರಿಂದ ಅದನ್ನು ಒಲೆಗೆ ಆನಿಸಿ ನೆಟ್ಟಗೆ ನಿಲ್ಲಿಸಿ, ಮೇಲೆ ತನ್ನ ಒಳ್ಳೆಯ ಉಣ್ಣೆಶಾಲು ಹೊದಿಸಿದ್ದಳು.

ಓದುವವರಲ್ಲಿ ವೀಣೆಯ ಪರಿಚಯ ಇಲ್ಲದವರೂ ಇರಬಹುದು. ವೀಣೆಯ ಮೇಲೆ ಸ್ವರಕ್ಕೊಂದರಂತೆ ಇಪ್ಪತ್ತನಾಲ್ಕು ಹಿತ್ತಾಳೆಯ ಮೆಟ್ಟಿಲು ಇರುತ್ತವೆ. ಅವನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ. ಮಸಿ ಬೆರೆಸಿದ ಮೇಣದ ಕಟ್ಟೆಯ ಮೇಲೆ ಒತ್ತಿ ನಿಲ್ಲಿಸಿರುತ್ತಾರೆ. ವೀಣೆಯಿರುವ ಮನೆಯಲ್ಲಿ ಅದನ್ನು ಬಿಸಿಲಿಗೆ ಇಡಬಾರದೆಂದು ಮಕ್ಕಳಿಗೂ ಗೊತ್ತು. ಪಿಯಾನೋ ಇರುವ ಮನೆಯಲ್ಲಿ ಗೊತ್ತಿರಬೇಕೆಂದರೆ ಹೇಗೆ? ಚಳಿಗೆ ಕೆಡುವ ವಾದ್ಯದ ಜೊತೆ ಜೀವನ ಮಾಡಿದವಳು ಅವಳು.

ಅತ್ತೆ ಶಾಲು ತೆಗೆದರು. ಮೇಣವೆಲ್ಲ ಇಳಿದಿತ್ತು. ಮೆಟ್ಟಿಲುಗಳು ಜಾರಿ ಒಂದರ ಮೇಲೊಂದು ಒರಗಿದ್ದವು, ಕೆಲವು ನೆಲಕ್ಕೇ ಬಿದ್ದಿದ್ದವು. ಅತ್ತೆ ಬಿದ್ದ ಮೆಟ್ಟಿಲೊಂದನ್ನು ಎತ್ತಿಕೊಂಡು ಸೆರಗಿನಿಂದ ಒರೆಸುತ್ತ ಕೂತರು. ಏನಾಯಿತೆಂದು ಯಜಮಾನರು ಜರ್ಮನ್ ಭಾಷೆಯಲ್ಲಿ ವಿವರಿಸಿದಾಗ ಮಾರ್ಥಮ್ಮ ಕುರ್ಚಿಯ ಮೇಲೆ ಕುಸಿದಳು. ಅಷ್ಟೆತ್ತರದ ಹೆಂಗಸು ಬಿಕ್ಕಿಬಿಕ್ಕಿ ಅತ್ತುಬಿಟ್ಟಳು.

"ಬುಡವ್ವ," ಎಂದರು ಯಜಮಾನರು ತಾಯಿಗೆ. "ಬಂದೋರಿಗೆ ನಾನೇ ಹೇಳ್ತೀನಿ. ವಾದ್ಯ ಕೆಟ್ಟೋಯ್ತು ಅಂದ್ರೆ ಯಾರೂ ತಪ್ಪು ತಿಳಿಯಲ್ಲ."

ನಿಜ ಹೇಳುತ್ತೇನೆ, ಅತ್ತೆ ಒಪ್ಪಿಬಿಡುತ್ತಾರೆ ಎಂದೇ ನಾನು ಅಂದುಕೊಂಡೆ. ಜನದ ಮುಂದೆ ನುಡಿಸದಿರಲು ಇದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಕ್ಕೀತು? ಅತ್ತೆ ಅಳುತ್ತಿದ್ದ ಮಾರ್ಥಮ್ಮನನ್ನು ನೋಡಿದರು, ಕೈಯಲ್ಲಿದ್ದ ಮೆಟ್ಟಿಲು ನೋಡಿದರು.

"ಇಲ್ಲ ಕಣೋ. ನುಡಿಸ್ದೇ ಓದ್ರೆ ಈ ಎಣ್ಣುಮಗಳು ಸಾಯೋಗಂಟ ಕೊರಗ್ತಾಳೆ. ನಾನೂ ಕೊರಗ್ತೀನಿ. ಇಷ್ಟು ದೂರ ಬಂದ್ಬುಟ್ಟು ಬಾಗ್ಲು ಹಾಕ್ಕೊಂಡು ಕೂತ್ಕಳಕಾಯ್ತದಾ? ಒಂದು ಚೂರಿ ಕಾಯ್ಸು."

ಮೇಳ ಕಟ್ಟುವುದು, ಅಂದರೆ ಮೆಟ್ಟಿಲು ಕೂರಿಸುವುದು, ಮೈಸೂರಿನಲ್ಲಿ ಅದೇ ಕಸುಬಿನವರ ಕೆಲಸ. ಅತ್ತೆ ನೋಡಿದ್ದರೇ ಹೊರತು ಮಾಡಿದವರಲ್ಲ. ಪಡಸಾಲೆ ಕಮ್ಮಾರಸಾಲೆಯಾಯಿತು. ಯಜಮಾನರು ಬೆಣ್ಣೆ ಸವರುವ ಚೂರಿಗಳನ್ನು ಒಲೆಯ ಕೆಂಡದಲ್ಲಿ ಕಾಯಿಸಿ ಕೊಡುವರು. ಅತ್ತೆ ಅದರಿಂದ ಮೇಣ ಮೆತ್ತಗೆ ಮಾಡಿ ಮೆಟ್ಟಿಲು ಒತ್ತುವರು. ನಾನು ತಂತಿ ಮೀಟುವೆನು. ಅತ್ತೆ ಕಣ್ಣು ಮುಚ್ಚಿ ಕೇಳಿ, ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಸರಿಸುವರು.

"ಅವ್ವ, ಇದಕ್ಕೊಂದು ಲೆಕ್ಕ ಐತೆ," ಎಂದು ಯಜಮಾನರು ಜೇಬಿನಿಂದ ಅಳತೆಪಟ್ಟಿ ತೆಗೆದರು. "ತಂತಿ ಉದ್ದ ಇಷ್ಟು ಅಂದ್ರೆ..."

"ಲೆಕ್ಕ ಕಾರ್ಖಾನೇಲಿ ಮಡಗು. ಚೂರಿ ಆರೋಗ್ತಾ ಐತೆ, ನೋಡು."

ಮಾರ್ಥಮ್ಮ ಕಣ್ಣೊರೆಸಿಕೊಂಡು ಪಿಯಾನೋದ ಮುಂದೆ ಕೂತಳು. ತಾನು ಸ್ವರ ಕೊಡುತ್ತೇನೆ, ಅದಕ್ಕೆ ಹೊಂದಿಸಿಕೊಳ್ಳಿ ಎಂದಳು. ಷಡ್ಜ ಕೊಟ್ಟಳು, ಅತ್ತೆ ತೆಗೆದುಕೊಂಡರು. ಪಂಚಮ ಕೊಟ್ಟಳು, ತಲೆದೂಗಿದರು. ಗಾಂಧಾರ ಕೊಟ್ಟಾಗ ಅತ್ತೆಯ ಹುಬ್ಬು ಗಂಟಿಕ್ಕಿತು. "ಇದು ಒಸಿ ಮೇಲಕ್ಕೋಯ್ತು ಅಂತ ಹೇಳೋ." ಯಜಮಾನರು ಅಳುಕುತ್ತ ಹೇಳಿದರು. ಮಾರ್ಥಮ್ಮನಿಗೆ ಕೋಪ ಬರುವುದೆಂದೇ ನಾನು ತಿಳಿದೆ. ಅವಳು ಆ ಸ್ವರವನ್ನು ಮತ್ತೆ ಒತ್ತಿ, ತಲೆ ಓರೆ ಮಾಡಿ ಕೇಳಿ, ನಗತೊಡಗಿದಳು. ಪಿಯಾನೋದಲ್ಲಿ ಎಲ್ಲ ಶ್ರುತಿಗೂ ಹೊಂದಲೆಂದು ಅದನ್ನು ಬೇಕೆಂದೇ ಒಂದಿಷ್ಟು ಏರಿಸಿರುತ್ತಾರಂತೆ. ಅದು ಕಿವಿಗೆ ಹತ್ತಿದವರನ್ನು ಕಂಡು ಬಹಳ ಕಾಲವಾಗಿತ್ತಂತೆ. ಆಮೇಲೆ ಅವಳು ಷಡ್ಜವೊಂದನ್ನೇ ಒತ್ತುತ್ತ ತಂಬೂರಿಯಂತೆ ಕೂತುಬಿಟ್ಟಳು.

ಮೈಸೂರಿನಲ್ಲಾದರೆ ಮೇಣ ಗಟ್ಟಿಯಾಗಲು ಕಾಯಬೇಕು. ಇಲ್ಲಿ ಕಿಟಕಿ ತೆರೆದರೆ ಸಾಕು, ವಿಯೆನ್ನಾದ ಗಾಳಿ ಒಂದು ಗಳಿಗೆಯಲ್ಲಿ ಕಲ್ಲು ಮಾಡುತ್ತಿತ್ತು. ಕೆಡಿಸಿದ್ದೂ ಆ ಮನೆಯೇ, ನಿಲ್ಲಿಸಿಕೊಟ್ಟದ್ದೂ ಆ ಊರೇ. ಆದರೂ ಹೊತ್ತು ಓಡಿತು. ಹೊರಗೆ ಬೀದಿದೀಪ ಹತ್ತಿಕೊಂಡು, ಮಹಡಿಯ ಮೆಟ್ಟಿಲಲ್ಲಿ ಬಂದವರ ಸದ್ದು ಕೇಳಿದಾಗ ಕೂತಿದ್ದದ್ದು ಹನ್ನೆರಡು ಮೆಟ್ಟಿಲು. ವೀಣೆಯ ಅರ್ಧ. ಅದರಾಚೆ, ತಾರದ ಸ್ವರಗಳಿರಬೇಕಾದ ಕಡೆ, ಬರಿಯ ಕಪ್ಪು ಮೇಣ.

"ಸಾಕು ಬುಡು," ಎಂದು ಅತ್ತೆ ಎದ್ದು ಸೀರೆ ಬದಲಿಸಲು ಹೋದರು. ಉಗುರಿಗೆ ಹತ್ತಿದ್ದ ಮೇಣ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಅದೇ ಸಂಜೆ

ಮೈಸೂರು ರೇಷ್ಮೆಯ ಕಡುನೀಲಿ ಸೀರೆ ಉಟ್ಟು ಅತ್ತೆ ನೆಲದ ಮೇಲೆ ಕೂತರು. ಕುರ್ಚಿ ತಂದಿಟ್ಟಿದ್ದನ್ನು ಪಕ್ಕಕ್ಕೆ ಸರಿಸಿದರು. ಕೆಲವು ಎಳೆಯ ವಯಸ್ಸಿನವರು ಅದನ್ನು ಕಂಡು ತಾವೂ ನೆಲಕ್ಕೆ ಇಳಿದರು. ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಜನ ಬಂದಿದ್ದರು.

"ಸರೋಜ," ಎಂದು ಅತ್ತೆ ಪಿಸುಗುಟ್ಟಿದರು, "ಬಾಗ್ಲು ಹಾಕವ್ರಾ?"

ನಾನು ತಿರುಗಿ ನೋಡಿದೆ. ಪಡಸಾಲೆಯ ಜೋಡಿಬಾಗಿಲು ತೆರೆದಿತ್ತು. ಅದರಾಚೆ ಮನೆಯ ಮುಂಬಾಗಿಲೂ ತೆರೆದಿತ್ತು. ಒಳಗೆ ಜಾಗ ಸಾಲದೆ ಜನ ಮಹಡಿಯ ಮೆಟ್ಟಿಲ ಮೇಲೆಲ್ಲ ಕೂತಿದ್ದರು.

"ಹಾಕೋಕಾಗಲ್ಲ ಅತ್ತೆ, ಮೆಟ್ಟಿಲವರೆಗೂ ಜನ," ಎಂದೆ.

ಅತ್ತೆ ಸೆರಗು ಬಿಗಿದುಕೊಂಡರು. ಆಮೇಲೆ ಮೀಟಿದರು.

ಮೋಹನ ರಾಗ. ಮೊದಲ ಸ್ವರಗಳನ್ನು, ಬಾಗಿಲಾಚೆ ಕೇಳಬಾರದೆಂಬಂತೆ, ಮೆಲ್ಲಗೆ ಮೀಟಿದರು. ಅದಕ್ಕಿಂತ ಕಷ್ಟ ಬಂದದ್ದು ಎದುರಿಗಿದ್ದವರಿಂದ. ನಮ್ಮಲ್ಲಾದರೆ ಒಂದು ಒಳ್ಳೆಯ ಸಂಚಾರ ಬಂದರೆ ತಲೆಗಳು ತೂಗುತ್ತವೆ, "ಆಹಾ" ಎನ್ನುತ್ತಾರೆ, ತೊಡೆಯ ಮೇಲೆ ತಾಳ ಬೀಳುತ್ತದೆ. ಇವರೋ ಕೈಕಟ್ಟಿ, ಕಣ್ಣು ಪಿಳುಕಿಸದೆ, ಫೋಟೋಗೆ ಕೂತವರಂತೆ ಕೂತಿದ್ದಾರೆ. ರಾಗ ಮುಗಿದು, ಲಯ ಹಿಡಿದು ಮೀಟುವ ತಾನಕ್ಕೆ ಕೈ ಹಾಕುವ ಮೊದಲು ಅತ್ತೆ ನನ್ನ ಕಡೆ ವಾಲಿ ಕೇಳಿದರು: "ಇವರೆಲ್ಲ ಕೂತಂಗೇ ಮಲಗವ್ರಾ?"

"ಇಲ್ಲ ಅತ್ತೆ, ಇಲ್ಲಿ ಹೀಗೇ ಕೇಳೋದಂತೆ."

ಅವರ ಮುಖ ಸಪ್ಪಗಾಯಿತು. ಇದು ನೋಡಲಾಗದೆ, ತಾನ ಶುರುವಾದದ್ದೇ ನಾನು ಎಲ್ಲ ಮರ್ಯಾದೆ ಬಿಟ್ಟು ಲಯಕ್ಕೆ ತೊಡೆ ತಟ್ಟತೊಡಗಿದೆ, ಒಂದು ಕಡೆ ಜೋರಾಗಿ "ಆಹಾ!" ಎಂದೆ. ಇಡೀ ವಿಯೆನ್ನಾ ನನ್ನ ಕಡೆ ತಿರುಗಿತು. ಮುಂದಿನ ಸಾಲಿನ ಬೋಳುತಲೆಯ ಮುದುಕನೊಬ್ಬ ನನ್ನನ್ನೇ ನೋಡಿ, ಆಮೇಲೆ ಮೆಲ್ಲನೆ ತನ್ನ ಮಂಡಿ ತಟ್ಟತೊಡಗಿದ. ಲಯ ತಪ್ಪಾಗಿತ್ತು. ಆದರೆ ಅತ್ತೆ ಅದನ್ನು ಕಂಡು ನಕ್ಕರು. ಆ ನಗುವಿನ ನಂತರ ಅವರ ಮೀಟು ಮಹಡಿಯ ಮೆಟ್ಟಿಲವರೆಗೂ ಕೇಳಿಸಿತು.

ತಾನ ಏರುತ್ತ ಹೋಯಿತು. ಹನ್ನೆರಡನೆಯ ಮೆಟ್ಟಿಲು ಮೇಲಿನ ಷಡ್ಜ. ಅದರಾಚೆ ಮೆಟ್ಟಿಲಿಲ್ಲ. ಇಲ್ಲಿಗೆ ಇಳಿದುಬಿಡುತ್ತಾರೆ ಎಂದುಕೊಂಡೆ. ತಂತಿಯನ್ನು ಪಕ್ಕಕ್ಕೆ ಎಳೆದರೆ ಒಂದೇ ಮೆಟ್ಟಿಲಿನಲ್ಲಿ ಮೇಲಿನ ಸ್ವರ ಹುಟ್ಟುತ್ತದೆ ನಿಜ. ಆದರೆ ಹಾಗೆ ಎಳೆಯುವುದು ತಂಜಾವೂರಿನವರ ಬಾಣಿ. ಮೈಸೂರಿನವರ ಬೆರಳು ಮೆಟ್ಟಿಲ ಮೇಲೆ ನಡೆಯಬೇಕು ಎಂದು ಅತ್ತೆಗೆ ನಜರ್‌ಬಾದಿನ ಅಜ್ಜಿ ಕಲಿಸಿದ್ದು. ಅದೂ ಅಲ್ಲದೆ ಒಂದು ಸ್ವರ ಎಳೆಯಬಹುದು, ಹೆಚ್ಚೆಂದರೆ ಎರಡು.

ಅತ್ತೆ ಬರಿದಾದ ಮೇಣವನ್ನು ಒಮ್ಮೆ ನೋಡಿದರು. ಎಳೆದರು. ರಿಷಭ ಬಂತು. ಇನ್ನೂ ಎಳೆದರು. ಗಾಂಧಾರ, ಅವರ ಗಾಂಧಾರ, ಪಿಯಾನೋದ್ದಲ್ಲ. ಅಲ್ಲಿಗೂ ನಿಲ್ಲಲಿಲ್ಲ. ಕತ್ತಿನ ನರ ಉಬ್ಬಿತು, ಮಣಿಕಟ್ಟು ಬಿಗಿಯಿತು, ತಂತಿ ಹಲಗೆಯ ಅಂಚಿಗೆ ಹೋಯಿತು, ಪಂಚಮ ಮುಟ್ಟಿ ಅಲ್ಲೇ ನಿಂತಿತು. ತಂತಿ ಹರಿಯುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಹರಿಯಲಿಲ್ಲ. ಮೆಟ್ಟಿಲೇ ಇಲ್ಲದ ಕಡೆಯಿಂದ ಸ್ವರ ಮೇಲೇರಿದ್ದನ್ನು ಅಲ್ಲಿದ್ದವರೆಲ್ಲ ಕಣ್ಣಾರೆ ಕಂಡರು.

ಮುಗಿದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಮಹಡಿಯ ಮೆಟ್ಟಿಲಿನಿಂದ ಕಾಲು ಕುಟ್ಟುವ ಸದ್ದು ಬಂತು. ಮಾರ್ಥಮ್ಮ ಮುಂದೆ ಬಂದು ಅತ್ತೆಯ ಎಡಗೈ ಹಿಡಿದು, ಮೇಣದ ಮಸಿಯನ್ನೂ ತಂತಿ ಕೊರೆದ ಕೆಂಪು ಗೀರನ್ನೂ ಎಲ್ಲರಿಗೂ ಎತ್ತಿ ತೋರಿಸಿದಳು. ಈ ವಯಸ್ಸಿನ ಹೆಂಗಸಿನ ಬೆರಳಿಗೆ ಇಷ್ಟು ಬಲ ಎಲ್ಲಿಂದ ಬಂತು ಎಂದು ಕೇಳಿದಳು. ಯಜಮಾನರು ಅದನ್ನು ತಾಯಿಗೆ ಹೇಳಿದರು.

ಅತ್ತೆ ತಮ್ಮ ಕೈಯನ್ನು ತಾವೇ ಹೊಸದಾಗಿ ಕಂಡವರಂತೆ ನೋಡಿಕೊಂಡರು.

"ರಾಗಿ ಬೀಸಿದ ಕೈ ಅಂತ ಹೇಳು."

ರಾಗಿಗೆ ಜರ್ಮನ್ ಭಾಷೆಯಲ್ಲಿ ಏನೆನ್ನುತ್ತಾರೋ ಯಜಮಾನರಿಗೆ ತಿಳಿಯದು. ಅವರು ನೆಲಕ್ಕೆ ಕೂತು, ಇಲ್ಲದ ಕಲ್ಲಿನ ಗೂಟ ಹಿಡಿದು ಗರಗರ ತಿರುಗಿಸಿ ತೋರಿಸಿದರು. ಬೋಳುತಲೆಯ ಮುದುಕ ತಾನೂ ತಿರುಗಿಸಿ ನೋಡಿದ. ನೆಲದ ಮೇಲಿದ್ದ ಹುಡುಗ ಹುಡುಗಿಯರೂ ತಿರುಗಿಸಿದರು. ಆ ಸಂಜೆ ವಿಯೆನ್ನಾದ ಆ ಮನೆಯಲ್ಲಿ ಅರ್ಧ ಜನ ರಾಗಿ ಬೀಸುತ್ತಿದ್ದರು. ನಾನು ನಗುತ್ತಿದ್ದೇನೆ ಎಂದುಕೊಂಡಿದ್ದೆ, ಕೆನ್ನೆ ಮುಟ್ಟಿದರೆ ಒದ್ದೆಯಾಗಿತ್ತು.

ಕೃಷ್ಣಮೂರ್ತಿಪುರ

ಮುಂದಿನ ಬೇಸಗೆಗೆ ಮೂವರೂ ಊರಿಗೆ ಬಂದೆವು. ಉಳಿದ ಮೆಟ್ಟಿಲು ಕೂರಿಸಲು ಮೇಳ ಕಟ್ಟುವವರು ಮನೆಗೆ ಬಂದಾಗ ಅತ್ತೆ ಮೊದಲ ಹನ್ನೆರಡನ್ನು ಮುಟ್ಟಗೊಡಲಿಲ್ಲ. ಅವರೂ ಮೀಟಿ ನೋಡಿ, ಮುಟ್ಟುವ ಅಗತ್ಯವಿಲ್ಲ ಎಂದರು.

ಅಂದು ಸಂಜೆ ಜಗಲಿಯಲ್ಲಿ ಕೂತು ಯಜಮಾನರು ತಂದೆಗೆ ವಿಯೆನ್ನಾದ್ದನ್ನೆಲ್ಲ ಹೇಳಿದರು. ಅವರು ಬಿಟ್ಟದ್ದನ್ನು ನಡುನಡುವೆ ನಾನು ಸೇರಿಸಿದೆ. ಮಾವನವರು ಪೇಪರನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಕಡೆಗೆ ಒಂದೇ ಮಾತು ಕೇಳಿದ್ದು:

"ಬಾಗ್ಲು ಹಾಕಿದ್ರಾ?"

"ಇಲ್ಲ ಮಾವ," ಎಂದೆ ನಾನು. "ಮನೆಯ ಮುಂಬಾಗಿಲೂ ತೆಗೆದಿತ್ತು."

ಅವರು ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಒಳಗೆ ಅತ್ತೆ ದೀಪ ಹಚ್ಚಿ ವೀಣೆ ತೆಗೆದುಕೊಂಡರು. ಮಾವನವರು ಎಂದಿನಂತೆ ಎದ್ದರು. ನಡುಮನೆಯಲ್ಲಿ ಅತ್ತೆ ಕೈ ತಡೆದು, ಅಗಳಿಯ ಸದ್ದಿಗೆ ಕಾಯುತ್ತ ಕೂತರು. ಅಷ್ಟು ವರ್ಷದ ರೂಢಿ. ಸದ್ದು ಬರಲಿಲ್ಲ. ನಾನು ಇಣುಕಿದೆ. ಮಾವನವರು ಬೀದಿಬಾಗಿಲಿನ ಎರಡೂ ಕದವನ್ನು ಗೋಡೆಗೆ ತಾಗುವಂತೆ ಅಗಲ ತೆರೆದು, ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಮೂಲೆಯಲ್ಲಿದ್ದ ರಾಗಿಕಲ್ಲನ್ನು ಸರಿಸಿ ಒತ್ತುಕೊಡುತ್ತಿದ್ದರು.

ತಾನ ಶುರುವಾದಾಗ ಬೀದಿಯಲ್ಲಿ ಹೋಗುತ್ತಿದ್ದ ಎದುರುಮನೆಯವರು ನಿಂತರು. "ಏನ್ ಶಿರಸ್ತೇದಾರ್ರೇ, ಇವತ್ತು ಬಾಗ್ಲು ತೆಗೆದಿದ್ದೀರಿ?"

"ನಮ್ಮ ಮನೆಯೋಳು ವೀಣೆ ನುಡಿಸ್ತಾವ್ಳೆ," ಎಂದರು ಮಾವನವರು, ಇಡೀ ಬೀದಿಗೆ ಕೇಳುವ ಹಾಗೆ. "ನಿಂತ್ಕೊಂಡು ಯಾಕೆ ಕೇಳ್ತೀರಿ? ಒಳಗೆ ಬಂದು ಕೂತ್ಕೊಳ್ಳಿ."